ಮನೆಯಿಂದ ಹೊರಹಾಕಿದ ಹಾಗೆ: ಕೆಲಸ ಕಳೆದುಕೊಂಡವರೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಅವರನ್ನು ಇಲ್ಲಿ ಶೋಭಾ ಎಂದು ಕರೆಯುತ್ತೇನೆ. ಬರೆದಾದ ಮೇಲೆ ಅವರಿಗೇ ಮೊದಲು ಓದಲು ಕೊಟ್ಟೆ. ಅವರು ಬೇಡ ಎಂದದ್ದನ್ನು ತೆಗೆದಿದ್ದೇನೆ.

ಶೋಭಾ ಅವರಿಗೆ ನಲವತ್ತು ದಾಟಿದೆ. ಹದಿನಾಲ್ಕು ವರ್ಷ ಒಂದೇ ಕಂಪನಿಯಲ್ಲಿ ಕೆಲಸ ಮಾಡಿದವರು. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ತಂಡಕ್ಕೆ ಸೇರಿ, ಕೊನೆಗೆ ಅದೇ ತಂಡದ ಲೀಡ್ ಆಗಿದ್ದರು. ಕೆಲಸ ಹೋಗಿ ಆರು ವಾರ ಆದ ಮೇಲೆ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದರು. ಬಂದರು ಅನ್ನುವುದಕ್ಕಿಂತ ಅವರ ಗಂಡ ಕರೆದುಕೊಂಡು ಬಂದರು. ‘ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತಾಳೆ. ಒಂದು ಕೆಲಸಕ್ಕೆ ಯಾಕೆ ಇಷ್ಟು ಅಂತ ನನಗೆ ಅರ್ಥ ಆಗ್ತಿಲ್ಲ ಮೇಡಂ’ ಎಂದರು. ಕೆಟ್ಟ ಮನುಷ್ಯರಲ್ಲ. ನಿಜವಾಗಿಯೂ ಗಾಬರಿಯಾಗಿದ್ದರು.

ಕೆಲಸ ಹೋದ ರೀತಿ ಹೀಗಿತ್ತು. ಬೆಳಿಗ್ಗೆ ಒಂದು ವಿಡಿಯೋ ಕಾಲ್‌ಗೆ ಕರೆ ಬಂತು. ಮಾನವ ಸಂಪನ್ಮೂಲ ವಿಭಾಗದವರೊಬ್ಬರು ಬರೆದಿಟ್ಟ ಕಾಗದವನ್ನು ಓದಿದರು. ಎಂಟು ವರ್ಷ ಇವರ ಮ್ಯಾನೇಜರ್ ಆಗಿದ್ದವರು ಅದೇ ಕಾಲ್‌ನಲ್ಲಿ ಇದ್ದರು. ಒಂದು ಮಾತೂ ಆಡಲಿಲ್ಲ. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ತಂಡದವರಿಗೆ ಒಂದು ಮಾತು ಬರೆಯೋಣ ಎಂದು ಮೇಲ್ ತೆರೆದರೆ ಖಾತೆ ಆಗಲೇ ಮುಚ್ಚಿತ್ತು.

ಇಷ್ಟನ್ನೂ ಅವರು ಅಳದೆ ಹೇಳಿದರು. ಆಮೇಲೆ ಒಂದು ಮಾತು ಹೇಳಿದರು. ನಾನು ಮುಂದಿನ ಕೆಲವು ತಿಂಗಳು ಆ ಮಾತಿನ ಸುತ್ತಲೇ ಕೆಲಸ ಮಾಡಬೇಕಾಯಿತು. ‘ನಾನೇನು ತಪ್ಪು ಮಾಡಿದೆ ಅಂತ ಯಾರಾದರೂ ಹೇಳಿದ್ರೆ ಸಾಕು ಮೇಡಂ. ಕೆಲಸ ವಾಪಸ್ ಬೇಡ. ತಪ್ಪು ಏನು ಅಂತ ಗೊತ್ತಾದರೆ ಸಾಕು.’

ಮೊದಲು ಕೇಳಲೇಬೇಕಾದದ್ದು

ನಿದ್ದೆ, ಊಟ, ಕುಡಿತ, ಮನೆಯ ಸಾಲ, ಇವನ್ನೆಲ್ಲ ಕೇಳಿದೆ. ಆಮೇಲೆ ನೇರವಾಗಿ ಕೇಳಿದೆ: ‘ಬದುಕೇ ಬೇಡ ಅನ್ನಿಸಿದೆಯಾ?’ ಇದನ್ನು ಕೇಳಲು ಬಹಳ ಜನ ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುತ್ತದೆ ಎಂಬ ಭಯ. ಹಾಗೆ ಆಗುವುದಿಲ್ಲ. ಯೋಚನೆ ಇದ್ದವರಿಗೆ ಯಾರೋ ಕೇಳಿದರಲ್ಲ ಎಂದು ಹಗುರ ಆಗುವುದೇ ಜಾಸ್ತಿ. ಶೋಭಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರಾತ್ರಿ ಮಲಗಿದವಳು ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ. ಏನಾದರೂ ಮಾಡಿಕೊಳ್ಳಬೇಕು ಅಂತ ಇಲ್ಲ’ ಎಂದರು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವರ ಒಪ್ಪಿಗೆ ಪಡೆದು ಗಂಡನಿಗೆ ವಿಷಯ ತಿಳಿಸಿದೆ. ಅದೇ ವಾರ ಮನೋವೈದ್ಯರನ್ನು ಕಾಣಲು ಏರ್ಪಾಟು ಮಾಡಿದೆವು. ನಿದ್ದೆಗೆ ಕೆಲವು ವಾರ ಮಾತ್ರೆ ಬೇಕಾಯಿತು. ಮಾತಿನ ಕೆಲಸ ಅದರ ಜೊತೆಜೊತೆಗೇ ನಡೆಯಿತು.

ಇನ್ನೂ ನಿಲ್ಲದ ಕೆಲಸ

ಆ ಮೊದಲ ಭೇಟಿಯಲ್ಲಿ ಅವರ ಫೋನ್ ಮತ್ತೆ ಮತ್ತೆ ಸದ್ದು ಮಾಡುತ್ತಿತ್ತು. ಯಾರು ಎಂದು ಕೇಳಿದೆ. ಸಂಕೋಚದಿಂದ ತೋರಿಸಿದರು. ‘ಅಕ್ಕ, ಆ ಹಳೇ ಕ್ಲೈಂಟ್‌ಗೆ ರೀಫಂಡ್ ಹೇಗೆ ಕೊಡ್ತಿದ್ವಿ?’ ‘ಅಕ್ಕ, ತಿಂಗಳ ರಿಪೋರ್ಟ್ ಎಲ್ಲಿ ಇಟ್ಟಿದ್ರಿ?’ ತಂಡದವರು ಆರು ವಾರದಿಂದ ದಿನಾ ಕೇಳುತ್ತಿದ್ದರು. ಇವರು ದಿನಾ ಉತ್ತರ ಕೊಡುತ್ತಿದ್ದರು. ಒಂದು ಭಾನುವಾರ ಎರಡು ಗಂಟೆ ಕೂತು, ಇವರ ಜಾಗಕ್ಕೆ ಬಂದ ಹುಡುಗನಿಗೆ ಫೋನಿನಲ್ಲೇ ಕೆಲಸ ಹೇಳಿಕೊಟ್ಟಿದ್ದರು. ಸಂಬಳ ಇಲ್ಲ, ಹುದ್ದೆ ಇಲ್ಲ.

ಯಾಕೆ ಎಂದು ಕೇಳಿದೆ. ‘ನಮ್ಮವರು ಅಲ್ವಾ ಮೇಡಂ’ ಎಂದರು.

ಈ ಮಾತಿನಲ್ಲಿ ಸುಳ್ಳಿಲ್ಲ. ಅವರ ನೋವು ಎಲ್ಲಿ ಗಂಟಾಗಿದೆ ಎಂಬುದೂ ಅದರಲ್ಲೇ ಇತ್ತು. ಆ ಕಂಪನಿಯಲ್ಲಿ ಹೊಸಬರು ಸೇರಿದ ದಿನ ‘ನಮ್ಮ ಕುಟುಂಬಕ್ಕೆ ಸ್ವಾಗತ’ ಎಂದು ಬರೆದ ಕಾರ್ಡ್ ಕೊಡುತ್ತಿದ್ದರಂತೆ. ಅನೇಕ ವರ್ಷ ಆ ಕಾರ್ಡ್‌ಗಳ ಮೇಲೆ ಹೆಸರು ಬರೆದವರು ಶೋಭಾ ಅವರೇ. ಯಾರ ಹುಟ್ಟುಹಬ್ಬ ಯಾವತ್ತು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಕೆಲಸ ಜಾಸ್ತಿ ಬಿದ್ದ ದಿನ ‘ಮನೆ ಕೆಲಸ ಅಂದ್ಕೊಳ್ಳಿ, ಇವತ್ತೊಂದಿನ ಕೂತು ಮುಗಿಸೋಣ’ ಎಂದು ತಂಡವನ್ನು ಉಳಿಸಿಕೊಂಡದ್ದೂ ಅವರೇ.

ಈಗ ಯೋಚನೆ ಮಾಡಿ. ಮನೆಯಿಂದ ಯಾರನ್ನಾದರೂ ಹೊರಗೆ ಹಾಕುವುದು ಯಾವಾಗ? ಖರ್ಚು ಜಾಸ್ತಿ ಆಯಿತು ಎಂದು ಯಾರೂ ಮಗಳನ್ನು ಹೊರಗೆ ಕಳಿಸುವುದಿಲ್ಲ. ಇದ್ದದ್ದರಲ್ಲೇ ಹಂಚಿಕೊಂಡು ಇರುತ್ತಾರೆ. ಮನೆಯವರೇ ಬಾಗಿಲು ಹಾಕಿದರು ಎಂದರೆ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇವಳು ಏನು ಮಾಡಿದಳು? ಕೆಲಸದ ಜಾಗವನ್ನು ಮನೆ ಎಂದು ಮನಸಾರೆ ನಂಬಿದವರು ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುತ್ತಾರೆ. ಕಂಪನಿ ಮಾಡಿದ್ದು ಹಣದ ಲೆಕ್ಕ. ಇವರಿಗೆ ಕೇಳಿಸಿದ್ದು ತೀರ್ಪು.

ನಾನು ನೋಡಿದ ಮಟ್ಟಿಗೆ, ಕೆಲಸವನ್ನು ಕೆಲಸ ಎಂದೇ ನೋಡಿದವರಿಗೆ ಲೇಆಫ್ ಆದಾಗ ಸಿಟ್ಟು ಬರುತ್ತದೆ, ದುಡ್ಡಿನ ಚಿಂತೆ ಹತ್ತುತ್ತದೆ. ಮನೆ ಎಂದು ನಂಬಿದವರಿಗೆ ನಾಚಿಕೆ ಆಗುತ್ತದೆ. ನಾಚಿಕೆ ಬಹಳ ಅಪಾಯದ್ದು. ಸಿಟ್ಟು ಬಂದವರು ನಾಲ್ಕು ಜನರ ಹತ್ತಿರ ಹೇಳಿಕೊಳ್ಳುತ್ತಾರೆ, ನಾಚಿಕೆಪಟ್ಟವರು ಬಚ್ಚಿಟ್ಟುಕೊಳ್ಳುತ್ತಾರೆ. ಶೋಭಾ ತಮ್ಮ ತಾಯಿಗೆ ಕೂಡ ಇನ್ನೂ ಹೇಳಿರಲಿಲ್ಲ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದ ಒಂದು ವಿಚಾರ ಇದೆ. ಡೆನಿಸ್ ರೂಸೋ ಎಂಬ ಸಂಶೋಧಕಿ 1989ರಲ್ಲಿ ಅದನ್ನು ಬೆಳೆಸಿದರು. ಕಾಗದದ ಮೇಲಿನ ಒಪ್ಪಂದದ ಜೊತೆಗೆ ಪ್ರತಿಯೊಬ್ಬ ಕೆಲಸಗಾರನ ಮನಸ್ಸಿನಲ್ಲೂ ಒಂದು ಒಪ್ಪಂದ ಇರುತ್ತದೆ: ನಾನು ಇಷ್ಟು ಕೊಟ್ಟರೆ ಅವರು ನನಗೆ ಇಷ್ಟು ಮಾಡುತ್ತಾರೆ ಎಂಬ ನಂಬಿಕೆ. ಅದಕ್ಕೆ ಯಾರೂ ಸಹಿ ಹಾಕಿರುವುದಿಲ್ಲ. ಅದು ಮುರಿದಾಗ ಆಗುವುದು ಬರೀ ನಿರಾಸೆಯಲ್ಲ, ಮೋಸ ಹೋದ ಭಾವನೆ. ಶೋಭಾ ಅವರ ಮನಸ್ಸಿನ ಒಪ್ಪಂದದಲ್ಲಿ ಹದಿನಾಲ್ಕು ವರ್ಷದ ಭಾನುವಾರಗಳೆಲ್ಲ ಸೇರಿದ್ದವು. ಕಂಪನಿಯ ಫೈಲಿನಲ್ಲಿ ಅವುಗಳ ಲೆಕ್ಕ ಎಲ್ಲೂ ಇರಲಿಲ್ಲ.

‘ಹೋಗಲಿ ಬಿಡು, ಕಂಪನಿ ತಾನೇ’

ಗಂಡ ದಿನಾ ಹೇಳುತ್ತಿದ್ದ ಮಾತು ಇದು. ಸಮಾಧಾನಕ್ಕೇ ಹೇಳುತ್ತಿದ್ದರು. ಆದರೆ ಶೋಭಾ ಪ್ರತಿ ಸಲ ಇನ್ನಷ್ಟು ಒಳಗೆ ಸರಿಯುತ್ತಿದ್ದರು.

ಅವರಿಬ್ಬರನ್ನೂ ಕೂರಿಸಿಕೊಂಡು ಒಂದು ದಿನ ಮಾತಾಡಿದೆ. ಯಾರಾದರೂ ತೀರಿಕೊಂಡರೆ ಜನ ಮನೆಗೆ ಬರುತ್ತಾರೆ, ಕೂರುತ್ತಾರೆ, ಅಳಲು ಜಾಗ ಇರುತ್ತದೆ. ಕೆಲಸ ಹೋದವರಿಗೆ ಅಂಥ ಜಾಗ ಇಲ್ಲ. ಸಮಾಜ ಒಪ್ಪಿಕೊಳ್ಳದ ಇಂಥ ದುಃಖಗಳ ಬಗ್ಗೆ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಿಂದ ಬರೆಯುತ್ತಾ ಬಂದಿದ್ದಾರೆ. ದುಃಖ ಪಡುವ ಹಕ್ಕೇ ಇಲ್ಲ ಅನ್ನಿಸಿದಾಗ ದುಃಖ ಕರಗುವುದಿಲ್ಲ, ಬೇರೆ ರೂಪದಲ್ಲಿ ಹೊರಗೆ ಬರುತ್ತದೆ. ಇವರ ಮನೆಯಲ್ಲಿ ಅದು ಮಕ್ಕಳ ಮೇಲಿನ ರೇಗಾಟವಾಗಿ ಬರುತ್ತಿತ್ತು.

ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳನ್ನು ಪಟ್ಟಿ ಮಾಡಿ, ಮನಸ್ಸಿನ ಮೇಲೆ ಅವು ಹಾಕುವ ಭಾರಕ್ಕೆ ಅಂಕ ಕೊಟ್ಟಿದ್ದರು. ಸಂಗಾತಿಯ ಸಾವಿಗೆ 100. ಕೆಲಸದಿಂದ ತೆಗೆಯುವುದಕ್ಕೆ 47. ಮೇಲಿನಿಂದ ಎಣಿಸಿದರೆ ಮೊದಲ ಹತ್ತರ ಒಳಗೇ ಬರುತ್ತದೆ. ಅಂಕಗಳನ್ನು ಎಲ್ಲರಿಗೂ ಒಂದೇ ಥರ ಹಚ್ಚಬಾರದು, ನಿಜ. ಆದರೂ ಗಂಡನಿಗೆ ಈ ಪಟ್ಟಿ ತೋರಿಸಿದ್ದು ಉಪಯೋಗಕ್ಕೆ ಬಂತು. ‘ಇದು ನಿಜವಾಗ್ಲೂ ಇಷ್ಟು ದೊಡ್ಡದಾ?’ ಎಂದು ಅವರು ಮೊದಲ ಸಲ ಹೆಂಡತಿಯನ್ನೇ ಕೇಳಿದರು.

ಅವರಿಗೆ ನಾನು ಕೊಟ್ಟ ಸಲಹೆ ಚಿಕ್ಕದು. ‘ಹೋಗಲಿ ಬಿಡು’ ಎನ್ನಬೇಡಿ. ಹೊಸ ಕೆಲಸದ ವಿಚಾರವನ್ನು ದಿನಕ್ಕೆ ಒಂದೇ ಸಲ, ಅವರೇ ತೆಗೆದಾಗ ಮಾತಾಡಿ. ಉಳಿದ ಹೊತ್ತಿನಲ್ಲಿ ‘ಯಾರ ನೆನಪು ಜಾಸ್ತಿ ಬರುತ್ತಿದೆ?’ ಎಂದು ಕೇಳಿ. ಉತ್ತರ ಬಂದಾಗ ಸುಮ್ಮನೆ ಕೇಳಿಸಿಕೊಳ್ಳಿ. ಮಕ್ಕಳಿಗೆ ನಿಜ ಹೇಳಿ: ಅಮ್ಮನ ಕೆಲಸ ಹೋಗಿದೆ, ಅದು ಅಮ್ಮನ ತಪ್ಪಿನಿಂದಲ್ಲ, ನಿಮ್ಮ ತಪ್ಪಿನಿಂದ ಖಂಡಿತ ಅಲ್ಲ, ಕೆಲವು ಖರ್ಚು ಸ್ವಲ್ಪ ದಿನ ಕಡಿಮೆ ಮಾಡೋಣ. ಮಕ್ಕಳಿಗೆ ಮನೆಯಲ್ಲಿ ಏನೋ ಆಗಿದೆ ಎಂದು ಮೊದಲೇ ಗೊತ್ತಾಗಿರುತ್ತದೆ. ಗೊತ್ತಿಲ್ಲದ್ದನ್ನು ಅವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ.

ಮನುಷ್ಯರು ಬೇರೆ, ಕಂಪನಿ ಬೇರೆ

ಇಂಥ ಹೊತ್ತಿನಲ್ಲಿ ಗೆಳೆಯರು ಕೊಡುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ. ಅದೆಲ್ಲ ನಾಟಕ, ಯಾವ ಕಂಪನಿಯೂ ಯಾರ ಮನೆಯೂ ಅಲ್ಲ, ನೀನೇ ದಡ್ಡಿ ಹಾಗೆ, ನಂಬಿಬಿಟ್ಟೆ. ನಾನು ಇದನ್ನು ಒಪ್ಪುವುದಿಲ್ಲ. ಹೀಗೆ ಹೇಳಿದರೆ ಹದಿನಾಲ್ಕು ವರ್ಷದ ಒಡನಾಟವೇ ಸುಳ್ಳು ಎಂದಂತಾಗುತ್ತದೆ. ಕೆಲಸದ ಜೊತೆಗೆ ನೆನಪುಗಳನ್ನೂ ಕಿತ್ತುಕೊಂಡ ಹಾಗೆ. ಮೇಲೆ, ಮೊದಲೇ ನಾಚಿಕೆಯಲ್ಲಿ ಇರುವವರಿಗೆ ದಡ್ಡತನದ ನಾಚಿಕೆ ಇನ್ನೊಂದು ಸೇರುತ್ತದೆ.

ನಾನು ಬೇರೆ ದಾರಿ ಹಿಡಿದೆ. ಶೋಭಾ ಮಾತು ಮಾತಿಗೂ ‘ಆಫೀಸ್ ನನಗೆ ಅಷ್ಟು ಮಾಡಿತ್ತು’ ಎನ್ನುತ್ತಿದ್ದರು. ಯಾವಾಗ, ಏನು ಮಾಡಿತ್ತು ಎಂದು ಬಿಡಿಸಿ ಕೇಳಿದೆ. ಅವರ ತಂದೆ ಆಸ್ಪತ್ರೆಯಲ್ಲಿ ಇದ್ದ ದಿನಗಳ ಕಥೆ ಬಂತು. ‘ಆವಾಗ ಆಫೀಸ್ ನನ್ನ ಬೆನ್ನಿಗೆ ನಿಂತಿತ್ತು.’ ನಿಂತವರು ಯಾರು ಎಂದು ಕೇಳಿದೆ. ರಾತ್ರಿ ಆಸ್ಪತ್ರೆಯಲ್ಲಿ ಜೊತೆಗೆ ಕೂತವರು ಇಬ್ಬರು, ಅವರ ಹೆಸರು ಹೇಳಿದರು. ಶೋಭಾ ಅವರ ಪಾಳಿಯನ್ನು ತಾನು ಮಾಡಿದ ಇನ್ನೊಬ್ಬ ಹುಡುಗಿಯ ಹೆಸರು ಹೇಳಿದರು. ಕಂಪನಿ ಏನು ಮಾಡಿತು? ಹತ್ತು ದಿನ ರಜೆ ಕೊಟ್ಟಿತು. ಆ ರಜೆ ನಿಯಮದಲ್ಲಿ ಇದ್ದದ್ದಾ, ಹೆಚ್ಚಿಗೆ ಕೊಟ್ಟದ್ದಾ? ಸ್ವಲ್ಪ ಯೋಚಿಸಿದರು. ‘ನನ್ನ ಲೆಕ್ಕದಲ್ಲೇ ಇದ್ದ ರಜೆ’ ಎಂದರು.

ಇಲ್ಲಿಂದ ಒಂದು ಅಭ್ಯಾಸ ಶುರು ಮಾಡಿದೆವು. ಒಂದು ಹಾಳೆಯಲ್ಲಿ ಮನುಷ್ಯರು: ಯಾರು, ಯಾವಾಗ, ಏನು ಮಾಡಿದರು, ನೀವು ಅವರಿಗೆ ಏನು ಮಾಡಿದಿರಿ. ಇನ್ನೊಂದರಲ್ಲಿ ಕಂಪನಿ: ಕೊಟ್ಟ ಸಂಬಳ, ಕೊಟ್ಟ ತರಬೇತಿ, ಕೊಡಬೇಕಾದ್ದು, ನೀವು ಕೊಟ್ಟ ದುಡಿಮೆ. ಇದನ್ನು ಮನೆಯಲ್ಲಿ ನಿಧಾನವಾಗಿ ಬರೆದು ತನ್ನಿ ಎಂದೆ. ಎರಡು ವಾರ ಬೇಕಾಯಿತು ಅವರಿಗೆ. ಮೊದಲ ಹಾಳೆ ಎರಡೂ ಕಡೆ ತುಂಬಿತ್ತು. ಎರಡನೆಯದರಲ್ಲಿ ಒಂಬತ್ತು ಸಾಲು ಇತ್ತು. ಕಂಪನಿ ಕೆಟ್ಟದ್ದು ಎಂದು ತೋರಿಸುವುದು ನನ್ನ ಉದ್ದೇಶ ಆಗಿರಲಿಲ್ಲ. ಆ ಒಂಬತ್ತು ಸಾಲಿನಲ್ಲಿ ಒಳ್ಳೆಯದೂ ಇತ್ತು, ಒಂದು ಪದವಿ ಮುಗಿಸಲು ಕಂಪನಿ ಅರ್ಧ ಖರ್ಚು ಕೊಟ್ಟದ್ದೂ ಇತ್ತು. ಆದರೆ ಪ್ರೀತಿ ಎಲ್ಲಿಂದ ಬಂದಿತ್ತು, ಹಣ ಎಲ್ಲಿಂದ ಬಂದಿತ್ತು ಎಂದು ಕಣ್ಣಿಗೆ ಕಾಣುವ ಹಾಗೆ ಆಯಿತು. ಪ್ರೀತಿ ಕೊಟ್ಟವರು ಯಾರೂ ಇವರನ್ನು ತೆಗೆದಿರಲಿಲ್ಲ. ತೆಗೆದ ಸಂಸ್ಥೆಗೆ ಪ್ರೀತಿಸುವ ಶಕ್ತಿ ಯಾವತ್ತೂ ಇರಲಿಲ್ಲ.

ತಪ್ಪಿನ ಪ್ರಶ್ನೆಗೂ ಇಲ್ಲಿಯೇ ಬಂದೆವು. ದೊಡ್ಡ ದೊಡ್ಡ ಕಂಪನಿಗಳ ವಿಷಯ ಮಾತಾಡಿದೆವು. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಜನರನ್ನು ತೆಗೆಯುವುದಾಗಿ ಹೇಳಿತು. ಬಹಳ ಜನರಿಗೆ ವಿಷಯ ಗೊತ್ತಾದದ್ದು ಇಮೇಲ್‌ನಿಂದ. ತನ್ನನ್ನು ಕುಟುಂಬ ಎಂದೇ ಕರೆದುಕೊಳ್ಳುತ್ತಿದ್ದ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್ ಕೂಡ ಅದೇ ತಿಂಗಳು ಸುಮಾರು ನೂರಕ್ಕೆ ಹತ್ತರಷ್ಟು ಜನರನ್ನು ತೆಗೆಯುವುದಾಗಿ ತಿಳಿಸಿತು. ಕೋವಿಡ್ ಕಾಲದಲ್ಲಿ ಬೇಡಿಕೆ ಏರಿದಾಗ ಜಾಸ್ತಿ ಜನರನ್ನು ಸೇರಿಸಿಕೊಂಡೆವು ಎಂದು ಸೇಲ್ಸ್‌ಫೋರ್ಸ್‌ನ ಮುಖ್ಯಸ್ಥರೇ ಬರೆದಿದ್ದರು. ಅಂದರೆ ಅಂದಾಜು ತಪ್ಪಿದ್ದು ಮೇಲೆ ಕೂತವರದ್ದು. ಕೆಲಸ ಹೋದದ್ದು ಬೇರೆಯವರದ್ದು. ‘ಇಷ್ಟು ಸಾವಿರ ಜನ ಒಂದೇ ದಿನ ತಪ್ಪು ಮಾಡಿರ್ತಾರಾ?’ ಎಂದು ಕೇಳಿದೆ. ಶೋಭಾ ಉತ್ತರ ಕೊಡಲಿಲ್ಲ. ಮುಂದಿನ ಭೇಟಿಗೆ ಬಂದಾಗ, ತಾಯಿಗೆ ಹೇಳಿದೆ ಎಂದರು.

ಪಟ್ಟಿ ಮಾಡಿದವರು

ಸ್ವಲ್ಪ ನೆಮ್ಮದಿ ಕಾಣತೊಡಗಿದ ಮೇಲೆಯೇ ಅವರು ಇನ್ನೊಂದು ವಿಷಯ ಹೊರಗೆ ತೆಗೆದರು. ಇವರ ಕೆಲಸ ಹೋಗುವ ಹತ್ತು ತಿಂಗಳ ಮೊದಲು ಕಂಪನಿಯಲ್ಲಿ ಮೊದಲ ಸುತ್ತಿನ ಲೇಆಫ್ ಆಗಿತ್ತು. ತಂಡದಿಂದ ನಾಲ್ಕು ಹೆಸರು ಕೊಡಿ ಎಂದು ಇವರನ್ನೇ ಕೇಳಿದ್ದರು. ಇವರು ಕೊಟ್ಟರು. ಆಮೇಲೆ ಆ ನಾಲ್ವರನ್ನು ಸಂಪರ್ಕಿಸಬೇಡಿ ಎಂದು ಸೂಚನೆ ಬಂತು. ಅವರಲ್ಲಿ ಒಬ್ಬಳು ಹುಡುಗಿ ಆ ಸಂಜೆ ಮೂರು ಸಲ ಫೋನ್ ಮಾಡಿದಳು. ಶೋಭಾ ಫೋನ್ ಎತ್ತಲಿಲ್ಲ.

‘ನನ್ನನ್ನು ಅಕ್ಕ ಅಂತಿದ್ದಳು. ನಾನೇ ಅವಳ ಹೆಸರು ಬರೆದುಕೊಟ್ಟೆ.’ ಅವತ್ತು ಅವರು ಅತ್ತರು.

ಲೇಆಫ್ ಆದಮೇಲೆ ಒಳಗೆ ಉಳಿದವರ ಸ್ಥಿತಿಯ ಬಗ್ಗೆ ಜೋಯಲ್ ಬ್ರಾಕ್ನರ್ 1980ರ ದಶಕದಿಂದಲೂ ಅಧ್ಯಯನ ಮಾಡಿದ್ದಾರೆ. ಉಳಿದವರಿಗೂ ತಪ್ಪಿತಸ್ಥ ಭಾವನೆ ಇರುತ್ತದೆ, ಮುಂದಿನ ಸರದಿ ನನ್ನದೇ ಎಂಬ ಭಯ ಇರುತ್ತದೆ, ಯಾರನ್ನು ಯಾಕೆ ತೆಗೆದರು ಎಂಬ ಅನುಮಾನ ಇರುತ್ತದೆ. ಶೋಭಾ ಆ ಹತ್ತು ತಿಂಗಳು ಮೊದಲಿಗಿಂತ ಜಾಸ್ತಿ ದುಡಿದಿದ್ದರು. ಉಳಿದವರಿಗೆ ಮೊದಲಿಗಿಂತ ಜಾಸ್ತಿ ‘ನಾವೆಲ್ಲ ಒಂದೇ ಮನೆಯವರು’ ಎನ್ನುತ್ತಿದ್ದರು. ಹೇಳಿಕೊಂಡಷ್ಟೂ ಒಳಗೆ ಕೊರೆಯುತ್ತಿತ್ತು. ಹಾಗಾಗಿ ತಮ್ಮ ಕೆಲಸ ಹೋದಾಗ, ಇದು ತನಗೆ ಆಗಲೇಬೇಕಾಗಿದ್ದ ಶಿಕ್ಷೆ ಎಂದು ಅವರ ಮನಸ್ಸು ತೀರ್ಮಾನಿಸಿತ್ತು. ‘ನಾನೇನು ತಪ್ಪು ಮಾಡಿದೆ’ ಎಂಬ ಪ್ರಶ್ನೆಗೆ ಒಂದು ಉತ್ತರ ಅವರ ಹತ್ತಿರ ಮೊದಲಿನಿಂದಲೂ ಇತ್ತು.

ಇಲ್ಲಿ ನಾನು ‘ನಿಮ್ಮ ತಪ್ಪೇನೂ ಇಲ್ಲ’ ಎಂದು ಹೇಳಲಿಲ್ಲ. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಎರಡನ್ನು ಬೇರೆ ಮಾಡಿದೆವು. ನಾಲ್ಕು ಹೆಸರು ಹೋಗಬೇಕು ಎಂದು ನಿರ್ಧಾರ ಮಾಡಿದವರು ಬೇರೆ. ಇವರು ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಿದ್ದರು. ಆ ಭಾರವನ್ನು ಪೂರ್ತಿ ಇವರು ಹೊರಬೇಕಾಗಿಲ್ಲ. ಫೋನ್ ಎತ್ತದೇ ಇದ್ದದ್ದು ಮಾತ್ರ ಇವರದೇ. ಅದು ನಿಜ, ಅದಕ್ಕೆ ಏನಾದರೂ ಮಾಡಬಹುದು ಎನ್ನುವುದೂ ನಿಜ.

ಇದೇ ಮಾತಿನ ನಡುವೆ ತಮ್ಮ ಮ್ಯಾನೇಜರ್ ವಿಷಯಕ್ಕೂ ಬಂದರು. ಎಂಟು ವರ್ಷ ಜೊತೆಗಿದ್ದವರು ಒಂದು ಫೋನ್ ಮಾಡಲಿಲ್ಲ ಎಂಬುದು ಇವರಿಗೆ ದೊಡ್ಡ ಗಾಯ. ‘ನಾನು ಎತ್ತಲಿಲ್ಲ, ಅವರು ಮಾಡಲಿಲ್ಲ’ ಎಂದು ತಾವೇ ಹೇಳಿ, ಬಹಳ ಹೊತ್ತು ಸುಮ್ಮನೆ ಕೂತರು. ಮ್ಯಾನೇಜರ್ ಮೇಲಿನ ಸಿಟ್ಟು ಅವರಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಹೋಗಲೇಬೇಕು ಎಂದು ನಾನು ಒತ್ತಾಯ ಮಾಡಿಲ್ಲ.

ನಾನು ಕೊಟ್ಟ ಸಲಹೆಗಳು

ಆಫೀಸಿನ ಕೆಲಸದ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿ ಎಂದೆ. ಇದಕ್ಕೆ ಎರಡು ಕಾರಣ. ಸಂಬಂಧ ಮುಗಿದ ಮೇಲೂ ಗ್ರಾಹಕರ ವಿವರಗಳಿಗೆ ಕೈಹಾಕಿದರೆ ಮುಂದೆ ತೊಂದರೆ ಇವರಿಗೇ. ಎರಡನೆಯದು, ದಿನಾ ಉತ್ತರ ಕೊಡುತ್ತಾ ಇದ್ದರೆ ಕೆಲಸ ಹೋಗಿದೆ ಎಂಬುದು ಮನಸ್ಸಿಗೆ ಇಳಿಯುವುದೇ ಇಲ್ಲ. ಕಳಿಸಬೇಕಾದ ಮಾತನ್ನು ಕೂತು ಬರೆದೆವು: ‘ಕೆಲಸದ ವಿಷಯಕ್ಕೆ ಇನ್ನು ಮೇಲೆ ನನ್ನಿಂದ ಉತ್ತರ ಕೊಡಲು ಆಗುವುದಿಲ್ಲ, ಮ್ಯಾನೇಜರ್‌ನ ಕೇಳು. ಸುಮ್ನೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಯಾವಾಗ ಬೇಕಾದರೂ ಫೋನ್ ಮಾಡು.’ ಕಳಿಸಿದ ಮೇಲೆ ಏನಾಗಬಹುದು ಎಂದು ಮೊದಲೇ ಎಚ್ಚರಿಸಿದ್ದೆ. ಹಾಗೇ ಆಯಿತು. ದಿನಾ ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಸುಮ್ಮನಾದರು. ಇಬ್ಬರು ಫೋನ್ ಮಾಡಿದರು. ಒಬ್ಬಳು ಮನೆಗೆ ಬಂದಳು. ಶೋಭಾ ಅವರಿಗೆ ಆ ವಾರ ಕಷ್ಟವಾಯಿತು. ಆದರೆ ಮನುಷ್ಯರ ಹಾಳೆಯಲ್ಲಿ ಯಾರ ಹೆಸರು ಉಳಿಯಬೇಕು ಎಂದು ತಿಳಿಯಿತು.

ಕಾಗದಪತ್ರದ ವಿಷಯ. ಲೇಆಫ್ ಆದ ದಿನವೇ ಯಾವುದಕ್ಕೂ ಸಹಿ ಹಾಕಬಾರದು. ಓದಲು ಸಮಯ ಬೇಕು ಎಂದು ಲಿಖಿತವಾಗಿ ಕೇಳಬೇಕು. ನೋಟಿಸ್ ಅವಧಿಯ ಸಂಬಳ, ಬಾಕಿ ರಜೆಯ ಹಣ, ಪರಿಹಾರದ ಮೊತ್ತ, ಆರೋಗ್ಯ ವಿಮೆ ಯಾವ ತಾರೀಖಿನವರೆಗೆ ಇರುತ್ತದೆ, ಅನುಭವ ಪತ್ರದಲ್ಲಿ ಏನು ಬರೆಯುತ್ತಾರೆ, ಮುಂದೆ ಇದೇ ಕ್ಷೇತ್ರದಲ್ಲಿ ಕೆಲಸ ಮಾಡದಂತೆ ಷರತ್ತು ಇದೆಯಾ, ಇವನ್ನೆಲ್ಲ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಶೋಭಾ ‘ನಮ್ಮವರ ಹತ್ತಿರ ಲೆಕ್ಕ ಕೇಳೋದು ಹೇಗೆ’ ಎಂಬ ಸಂಕೋಚದಲ್ಲಿ ಓದದೆಯೇ ಸಹಿ ಮಾಡಿದ್ದರು. ಆಮೇಲೆ ಲೆಕ್ಕ ಹಾಕಿದಾಗ ಬಾಕಿ ರಜೆಯ ಹಣ ಕಡಿಮೆ ಬಂದಿತ್ತು. ಮೇಲ್ ಬರೆದು ಕೇಳಿದರು, ಬಂತು. ಆ ಮೇಲ್ ಬರೆದದ್ದು ಅವರ ಮಟ್ಟಿಗೆ ಹಣಕ್ಕಿಂತ ದೊಡ್ಡ ಸಂಗತಿ. ಹಕ್ಕಿನ ಹಣವನ್ನು ಹಕ್ಕಿನಿಂದ ಕೇಳಿದರು.

ದಿನದ ಹೊತ್ತನ್ನು ಕಟ್ಟಿಕೊಳ್ಳುವುದು. ಆಸ್ಟ್ರಿಯಾದ ಮಾರಿಯೆಂತಾಲ್ ಎಂಬ ಊರಿನ ಕಥೆಯನ್ನು ನಾನು ಬಹಳ ಜನರಿಗೆ ಹೇಳುತ್ತೇನೆ. ಅಲ್ಲಿ ಬಟ್ಟೆ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. 1930ರ ದಶಕದ ಆರಂಭದಲ್ಲಿ ಮಾರಿ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ಮಾಡಿದರು. ಕೈತುಂಬ ಬಿಡುವಿತ್ತು, ಆದರೂ ಜನ ಗ್ರಂಥಾಲಯದಿಂದ ಪುಸ್ತಕ ತರುವುದು ಕಡಿಮೆಯಾಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ದಿನವಿಡೀ ಏನು ಮಾಡಿದಿರಿ ಎಂದರೆ ಅವರಿಗೆ ನೆನಪಿರುತ್ತಿರಲಿಲ್ಲ. ಕೆಲಸ ಸಂಬಳದ ಜೊತೆಗೆ ಹೊತ್ತಿನ ಲೆಕ್ಕ, ಜನರ ಒಡನಾಟ, ಒಟ್ಟಿಗೆ ಏನನ್ನೋ ಮಾಡುವ ಭಾವನೆ, ಸಮಾಜದಲ್ಲಿ ಒಂದು ಸ್ಥಾನ, ಕೈಗೆ ಚಟುವಟಿಕೆ ಇವನ್ನೂ ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು. ಹಾಗಾಗಿ ಕೆಲಸ ಹೋದಾಗ ಬರೀ ಕೆಲಸ ಹುಡುಕಿ ಎಂದರೆ ಸಾಲದು. ಶೋಭಾ ಏಳುವ ಹೊತ್ತನ್ನು ನಿಗದಿ ಮಾಡಿಕೊಂಡರು. ಬೆಳಿಗ್ಗೆ ಎರಡು ಗಂಟೆ ಮಾತ್ರ ಕೆಲಸದ ಹುಡುಕಾಟ, ಆಮೇಲೆ ಲ್ಯಾಪ್‌ಟಾಪ್ ಮುಚ್ಚಬೇಕು. ವಾರದಲ್ಲಿ ಮೂರು ಮಧ್ಯಾಹ್ನ ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಹೋದರು.

ಬರೆಯುವುದು. ಕೆಲಸ ಕಳೆದುಕೊಂಡ ಎಂಜಿನಿಯರ್‌ಗಳ ಮೇಲೆ ಸ್ಟೆಫನಿ ಸ್ಪೆರಾ, ಜೇಮ್ಸ್ ಪೆನ್ನೆಬೇಕರ್ ಮತ್ತು ಜೊತೆಗಾರರು ಮಾಡಿದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಕೆಲಸ ಹೋದ ನೋವು, ಸಿಟ್ಟು ಎಲ್ಲವನ್ನೂ ಕೆಲವು ದಿನ ಕೂತು ಬಿಚ್ಚಿ ಬರೆದವರಿಗೆ, ಬರೆಯದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತು. ಅವರು ಹೆಚ್ಚು ಅರ್ಜಿ ಹಾಕಿದ್ದರಿಂದ ಹೀಗಾದದ್ದಲ್ಲ. ಒಳಗಿನ ಕಹಿಯನ್ನು ಕಾಗದದ ಮೇಲೆ ಇಟ್ಟವರು ಸಂದರ್ಶನದಲ್ಲಿ ಅದನ್ನು ಹೊರಗೆ ಹಾಕುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಶೋಭಾ ದಿನಕ್ಕೆ ಇಪ್ಪತ್ತು ನಿಮಿಷ ಬರೆದರು. ನನಗೆ ತೋರಿಸಬೇಕಾಗಿಲ್ಲ ಎಂದಿದ್ದೆ, ಅವರೂ ತೋರಿಸಲಿಲ್ಲ.

ಆ ನಾಲ್ವರಿಗೆ ಕಾಗದ. ಇದನ್ನು ಅವರೇ ಕೇಳಿದರು: ಕ್ಷಮೆ ಕೇಳಬಹುದಾ? ಕೇಳಬಹುದು, ಆದರೆ ಕ್ಷಮಿಸಿ ಎಂದು ಅವರ ಮೇಲೆ ಭಾರ ಹಾಕಬೇಡಿ ಎಂದೆ. ಏನು ಮಾಡಿದೆ ಎಂದು ನೇರವಾಗಿ ಬರೆಯಿರಿ. ‘ನನ್ನ ಕೆಲಸವೂ ಹೋಯಿತು’ ಎಂದು ಶುರು ಮಾಡಬೇಡಿ, ಹಾಗೆ ಮಾಡಿದರೆ ಅವರೇ ನಿಮಗೆ ಸಮಾಧಾನ ಹೇಳಬೇಕಾಗುತ್ತದೆ. ಕೈಲಾದ ಒಂದು ಸಹಾಯವನ್ನು ಹೆಸರಿಟ್ಟು ಹೇಳಿ. ಉತ್ತರ ಬರಲೇಬೇಕು ಎಂದು ಕಾಯಬೇಡಿ. ಅವರು ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆದರು. ಅವರವರು ಮಾಡಿದ ಒಳ್ಳೆಯ ಕೆಲಸವನ್ನು ವಿವರವಾಗಿ ಹೇಳಿ ಶಿಫಾರಸು ಪತ್ರ ಬರೆದುಕೊಡುತ್ತೇನೆ ಎಂದರು.

ಒಬ್ಬರು ಫೋನ್ ಮಾಡಿ ಒಂದು ಗಂಟೆ ಮಾತಾಡಿದರು. ಒಬ್ಬರಿಂದ ‘ಸರಿ ಅಕ್ಕ’ ಎಂದಷ್ಟೇ ಬಂತು. ಇನ್ನೊಬ್ಬರು ಉತ್ತರವೇ ಕೊಡಲಿಲ್ಲ. ಮೂರು ಸಲ ಫೋನ್ ಮಾಡಿದ್ದ ಹುಡುಗಿ ಉದ್ದಕ್ಕೆ ಬರೆದಳು. ಪಟ್ಟಿಯಲ್ಲಿ ನನ್ನ ಹೆಸರು ಬಂದದ್ದಕ್ಕಿಂತ ನೀವು ಫೋನ್ ಎತ್ತದೇ ಇದ್ದದ್ದು ನನ್ನನ್ನು ಮುರಿಯಿತು, ನಾನು ಏನೋ ತಪ್ಪು ಮಾಡಿರಬೇಕು ಎಂದು ತಿಂಗಳುಗಟ್ಟಲೆ ಅಂದುಕೊಂಡಿದ್ದೆ ಎಂದು. ಆ ಕಾಗದವನ್ನು ಶೋಭಾ ನನ್ನ ಕೋಣೆಗೆ ತಂದರು. ಇಬ್ಬರೂ ಅದನ್ನು ಜೊತೆಗೆ ಓದಿದೆವು. ಸಮರ್ಥನೆ ಬರೆಯಬೇಡಿ ಎಂದಷ್ಟೇ ಹೇಳಿದೆ. ಅವರು ಮರುದಿನ ಬರೆದ ಉತ್ತರದಲ್ಲಿ ಇದ್ದದ್ದು ಎರಡು ವಾಕ್ಯ: ಆ ಹುಡುಗಿಯ ತಪ್ಪು ಏನೂ ಇರಲಿಲ್ಲ ಎಂಬುದು, ಆ ಸಂಜೆ ತಾನು ಹೆದರಿದ್ದೆ ಎಂಬುದು.

ತಂಡ ನಡೆಸುವವರಿಗೆ

ಇದನ್ನು ಓದುವವರಲ್ಲಿ ಇಂಥ ಪಟ್ಟಿ ಮಾಡಬೇಕಾದವರು, ಇಂಥ ಕಾಲ್‌ನಲ್ಲಿ ಕೂರಬೇಕಾದವರು ಇರುತ್ತೀರಿ. 2009ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಕೆಲಸದ ರೀತಿಯ ಬಗ್ಗೆ ಒಂದು ದಾಖಲೆ ಹೊರತಂದು, ನಾವು ತಂಡ, ಕುಟುಂಬ ಅಲ್ಲ ಎಂದು ಬರೆಯಿತು. ಅಷ್ಟರ ಮಟ್ಟಿಗೆ ಅದು ಪ್ರಾಮಾಣಿಕ ಎಂದು ನಾನು ಒಪ್ಪುತ್ತೇನೆ. ಆದರೆ ಏನೆಂದು ಕರೆದರೂ, ಹೊರಗೆ ಕಳಿಸುವ ಗಳಿಗೆಯಲ್ಲಿ ನೀವು ನಡೆದುಕೊಳ್ಳುವ ರೀತಿಯೇ ಜನರ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಯಾಕೆ ತೆಗೆಯುತ್ತಿದ್ದೇವೆ ಎಂದು ಸ್ಪಷ್ಟವಾಗಿ ಹೇಳಿ. ಅವರ ಕೆಲಸದಲ್ಲಿ ತಪ್ಪಿಲ್ಲ ಎಂದಾದರೆ ಆ ಮಾತನ್ನು ಬಾಯಿಬಿಟ್ಟು ಹೇಳಿ, ಕಾಗದದಲ್ಲೂ ಕೊಡಿ. ಜೊತೆಗಾರರಿಗೆ ವಿದಾಯ ಹೇಳಲು ಒಂದು ದಿನ ಬಿಡಿ. ಭದ್ರತೆಗೆ ಖಾತೆ ಮುಚ್ಚಲೇಬೇಕಾದರೆ, ಅವರ ಮಾತನ್ನು ತಂಡಕ್ಕೆ ನೀವು ತಲುಪಿಸಿ. ಫೋನ್ ಬಂದರೆ ಎತ್ತಿ. ಕಂಪನಿಯ ಗುಟ್ಟು ಹೇಳಬೇಕಾಗಿಲ್ಲ, ಹೇಗಿದ್ದೀಯಾ ಎಂದು ಕೇಳಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಮೊದಲ ಭೇಟಿಯಾಗಿ ಏಳೆಂಟು ತಿಂಗಳಾದ ಮೇಲೆ ಶೋಭಾ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಮೊದಲಿಗಿಂತ ಸ್ವಲ್ಪ ಕಡಿಮೆ ಸಂಬಳ, ಚಿಕ್ಕ ತಂಡ. ಸೇರುವ ಮೊದಲು ಬಂದು, ಹೊಸ ತಂಡದವರನ್ನು ಹಚ್ಚಿಕೊಳ್ಳಬಾರದು ಅಂತ ತೀರ್ಮಾನ ಮಾಡಿದ್ದೇನೆ ಎಂದರು. ಅದು ಬೇಡ ಎಂದೆ. ಹಚ್ಚಿಕೊಳ್ಳುವುದು ಅವರ ಸ್ವಭಾವ, ಅದರಿಂದಲೇ ಆಸ್ಪತ್ರೆಯ ರಾತ್ರಿಗಳಲ್ಲಿ ಜೊತೆಗೆ ಇಬ್ಬರು ಇದ್ದರು. ನಿಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಮಾತು ಕೊಡಬೇಡಿ, ಅಷ್ಟು ಸಾಕು ಎಂದೆ. ಈಗ ಅವರು ಹೊಸಬರು ಸೇರಿದಾಗ ತಾವೇ ಕೂತು ಮಾತಾಡುತ್ತಾರಂತೆ. ಕೆಲಸ ಕಲಿಸುತ್ತೇನೆ, ನೀನು ಮಾಡಿದ್ದನ್ನು ನಿನ್ನದು ಎಂದೇ ಮೇಲೆ ಹೇಳುತ್ತೇನೆ, ನಿನ್ನ ಕೆಲಸದ ಬಗ್ಗೆ ನನಗೆ ಅಸಮಾಧಾನ ಇದ್ದರೆ ಮೊದಲು ನಿನಗೇ ತಿಳಿಸುತ್ತೇನೆ ಎನ್ನುತ್ತಾರೆ. ಈ ಕೆಲಸ ಎಷ್ಟು ವರ್ಷ ಇರುತ್ತದೆ ಎಂದು ಮಾತ್ರ ನನ್ನಿಂದ ಹೇಳಲು ಆಗುವುದಿಲ್ಲ, ಇಲ್ಲಿಂದ ಹೋದ ಮೇಲೂ ನೀನು ಫೋನ್ ಮಾಡಿದರೆ ಎತ್ತುತ್ತೇನೆ ಎನ್ನುತ್ತಾರೆ.

ನಿದ್ದೆಯ ಮಾತ್ರೆ ನಿಂತಿದೆ. ದೊಡ್ಡ ಮೀಟಿಂಗ್‌ಗೆ ಇದ್ದಕ್ಕಿದ್ದಂತೆ ಕರೆ ಬಂದರೆ ಕೈ ಈಗಲೂ ತಣ್ಣಗಾಗುತ್ತದೆ ಎನ್ನುತ್ತಾರೆ. ಅದಕ್ಕಾಗಿ ಉಸಿರಾಟದ ಅಭ್ಯಾಸ ಮುಂದುವರಿಸಿದ್ದೇವೆ. ಮೂರು ತಿಂಗಳಿಗೊಮ್ಮೆ ಬರುತ್ತಾರೆ.